ಫೈನಲ್‌ಗೆ ಬಂದರೂ ಸಾಲದಾ? ಕಾಲೇಜು ಲಕ್ರಾಸ್ ಕೋಚ್‌ಗಳ ತಲೆ ಮೇಲಿನ ಭಾರ

ಮೇರಿಲ್ಯಾಂಡ್ ಮಂಜ:

2025ರ ಮೇ ತಿಂಗಳ ಅಮೆರಿಕದ ಕಾಲೇಜು ಲಕ್ರಾಸ್ ಫೈನಲ್ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ? ಕಾರ್ನೆಲ್ 13, ಮೇರಿಲ್ಯಾಂಡ್ 10. ಅದರ ಹಿಂದಿನ ವರ್ಷ ನೋಟ್ರ ಡೇಮ್ ನಮ್ಮವರನ್ನು 15-5ರಲ್ಲಿ ಹಿಗ್ಗಾಮುಗ್ಗಾ ಬಾರಿಸಿತ್ತು. ಸಾಲಾಗಿ ಎರಡು ಫೈನಲ್, ಎರಡೂ ಸೋಲು.

ನಾನು ಇಲ್ಲಿ ಹುಡುಗರ ತಂಡವೊಂದಕ್ಕೆ ಶನಿವಾರ, ಭಾನುವಾರ ಸಹಾಯಕ್ಕೆ ಹೋಗುತ್ತೇನೆ. ಕೋನ್ ಇಡುವುದು, ಚೆಂಡು ಹೆಕ್ಕುವುದು, ಸಣ್ಣಪುಟ್ಟ ಡ್ರಿಲ್ ಮಾಡಿಸುವುದು. ಮೈದಾನದ ಪಕ್ಕ ಮಡಚೋ ಕುರ್ಚಿ ಹಾಕಿಕೊಂಡು ಕೂರುವ ಅಪ್ಪಂದಿರ ಬಾಯಲ್ಲಿ ಈಗ ಒಂದೇ ಮಾತು. ಕೋಚ್ ಜಾನ್ ಟಿಲ್‌ಮನ್‌ಗೆ ದೊಡ್ಡ ಮ್ಯಾಚ್ ಆಗಿಬರಲ್ಲವಂತೆ.

ಅಲ್ಲಾ ಸ್ವಾಮಿ, 2017ರಲ್ಲಿ ಕಪ್ ತಂದುಕೊಟ್ಟವರು ಯಾರು? 1975ರ ನಂತರ ಮೇರಿಲ್ಯಾಂಡ್ ಪುರುಷರ ತಂಡಕ್ಕೆ ಅದೇ ಮೊದಲ ಕಪ್. 42 ವರ್ಷ ಕಾದಿದ್ದರು. ಮಧ್ಯದಲ್ಲಿ ಒಂಬತ್ತು ಫೈನಲ್ ಸೋತಿದ್ದರು, ಅದರಲ್ಲಿ ನಾಲ್ಕು ಟಿಲ್‌ಮನ್ ಕಾಲದಲ್ಲೇ: 2011, 2012, 2015, 2016. ಆಮೇಲೆ 2022ರಲ್ಲಿ 18-0, ಅಂದರೆ 18 ಗೆಲುವು, ಒಂದೂ ಸೋಲಿಲ್ಲ. ಇಷ್ಟಾದ ಮೇಲೂ 'ಆಗಿಬರಲ್ಲ' ಅಂದರೆ ಏನು ಹೇಳೋಣ!

ನನ್ನ ಪ್ರಶ್ನೆ ಇಷ್ಟೇ. ಈ ನಿರೀಕ್ಷೆಯ ಭಾರವನ್ನು ಕೋಚ್ ಏನು ಮಾಡಬೇಕು? ತಾನೇ ನುಂಗಿಕೊಳ್ಳಬೇಕಾ? ಹುಡುಗರಿಗೂ ಸ್ವಲ್ಪ ಹಂಚಬೇಕಾ? ನಿಮಗೆ ಗೊತ್ತಿರುವ ತಂಡಗಳ ಕಥೆ ಹೇಳಿ.

ಬಸವನಗುಡಿ ಬಾಯ್:

ಗುರು, ಬಲೆ ಕಟ್ಟಿದ ಕೋಲು ಹಿಡ್ಕೊಂಡು ಓಡೋ ಆಟ ಇದೇ ಅಲ್ವಾ? 42 ವರ್ಷ ಅಂತೀರಾ. ನಾವು ಆರ್‌ಸಿಬಿಗೆ 18 ವರ್ಷ 'ಈ ಸಲ ಕಪ್ ನಮ್ದೇ' ಅಂತ ಕೂಗಿ ಕೂಗಿ ಗಂಟಲು ಹರ್ಕೊಂಡ್ವಿ. ನೋವು ಅರ್ಥ ಆಗುತ್ತೆ. ಆಟ ಮಾತ್ರ ಅರ್ಥ ಆಗಲ್ಲ. ಸ್ವಲ್ಪ ಹೇಳಿ.

ಮೇರಿಲ್ಯಾಂಡ್ ಮಂಜ:

ಹ್ಞಾಂ, ಅದೇ ಆಟ. ಪುರುಷರಲ್ಲಿ ಒಂದು ಕಡೆ ಹತ್ತು ಜನ, ಮಹಿಳೆಯರಲ್ಲಿ ಹನ್ನೆರಡು. ಗೋಲು ಆರಡಿ ಅಗಲ, ಆರಡಿ ಎತ್ತರ. ನೀವು ತಿಳಿದುಕೊಳ್ಳಲೇಬೇಕಾದ ಒಂದು ವಿಷಯ ಇದೆ. ಪುರುಷರ ಆಟದಲ್ಲಿ ಪ್ರತಿ ಗೋಲು ಆದ ಮೇಲೆ ಮಧ್ಯದಲ್ಲಿ ಚೆಂಡಿಟ್ಟು ಎರಡೂ ಕಡೆಯಿಂದ ಒಬ್ಬೊಬ್ಬರು ಬಗ್ಗಿ ಕಿತ್ತಾಡುತ್ತಾರೆ. ಅದಕ್ಕೆ ಫೇಸ್‌ಆಫ್ ಅಂತಾರೆ. ಫುಟ್‌ಬಾಲ್ ಥರ ಗೋಲು ತಿಂದವರಿಗೆ ಚೆಂಡು ಸಿಗಲ್ಲ. ಫೇಸ್‌ಆಫ್ ಗೆದ್ದವರಿಗೆ ಸಿಗುತ್ತದೆ. ನಿಮ್ಮ ಫೇಸ್‌ಆಫ್ ಹುಡುಗ ಸೋಲ್ತಾನೇ ಇದ್ದರೆ ಮಿಕ್ಕವರು ಸುಮ್ನೆ ಓಡಾಡಿಕೊಂಡು ನೋಡ್ತಾ ಇರಬೇಕು. ಕೋಚ್ ಬದಿಯಲ್ಲಿ ನಿಂತು ತಲೆ ಕೆರೆದುಕೊಳ್ಳಬೇಕು.

ಸಿರಾಕ್ಯೂಸ್ ಚಳಿ:

ಮಂಜ ಅವರೇ, ನಿಮ್ಮದು 42 ವರ್ಷದ ಬರಗಾಲ. ನಮ್ಮದು ಅದಕ್ಕೆ ತದ್ವಿರುದ್ಧ. ಜಾಸ್ತಿ ಗೆದ್ದ ಕಷ್ಟ.

ಸಿರಾಕ್ಯೂಸ್ ತಂಡ 1983ರಿಂದ 2004ರವರೆಗೆ ಸಾಲಾಗಿ 22 ವರ್ಷ ಸೆಮಿಫೈನಲ್ ಆಡಿದೆ. (1990ರದ್ದನ್ನು ಆಮೇಲೆ ದಾಖಲೆಯಿಂದ ತೆಗೆದರು, ಅದು ಬೇರೆ ಕಥೆ.) 22 ವರ್ಷ ಅಂದರೆ, ಊರಲ್ಲಿ ಹುಟ್ಟಿದ ಮಗು ಕಾಲೇಜು ಮುಗಿಸುವವರೆಗೆ ತಂಡ ಸೆಮಿಫೈನಲ್ ತಪ್ಪಿಸಿಕೊಂಡದ್ದನ್ನೇ ನೋಡಿರಲ್ಲ. ಇಲ್ಲಿ ಮೇ ಕೊನೆಯ ವಾರ ಯಾರೂ ಮದುವೆ ಇಟ್ಟುಕೊಳ್ಳಬೇಡಿ ಅಂತ ತಮಾಷೆ ಮಾಡುವವರಿದ್ದಾರೆ.

ಮೊದಲು ಅಪ್ಪ ರಾಯ್ ಸಿಮ್ಮನ್ಸ್ 1931ರಿಂದ ಕೋಚ್. ಆಮೇಲೆ ಮಗ ರಾಯ್ ಸಿಮ್ಮನ್ಸ್ ಜೂನಿಯರ್, 1998ರವರೆಗೆ. ಆಮೇಲೆ ಜಾನ್ ಡೆಸ್ಕೋ. ಡೆಸ್ಕೋ 2000, 2002, 2004ರಲ್ಲಿ ಕಪ್ ಗೆದ್ದರು. ಮೂರು ವರ್ಷ ಬಿಟ್ಟು 2007ರಲ್ಲಿ ಏನಾಯ್ತು ಗೊತ್ತಾ? 5 ಗೆಲುವು, 8 ಸೋಲು. 1982ರ ನಂತರ ಮೊದಲ ಸಲ ಟೂರ್ನಮೆಂಟ್‌ಗೇ ಆಯ್ಕೆ ಆಗಲಿಲ್ಲ. ಮೂರು ಕಪ್ ತಂದ ಮನುಷ್ಯನಿಗೆ ಜನ ಏನೇನು ಅಂದಿರಬಹುದು ಊಹಿಸಿಕೊಳ್ಳಿ.

ಮುಂದಿನ ವರ್ಷ ಅದೇ ಕೋಚ್, ಬಹುಪಾಲು ಅದೇ ಹುಡುಗರು. ಫೈನಲ್‌ನಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿರುದ್ಧ 13-10, ಕಪ್ ಬಂತು. 2009ರಲ್ಲಿ ಮತ್ತೆ ಫೈನಲ್, ಎದುರಿಗೆ ಕಾರ್ನೆಲ್. ಐದು ಸೆಕೆಂಡೂ ಉಳಿದಿಲ್ಲ, ಆಗ ಕೆನ್ನಿ ನಿಮ್ಸ್ ಗೋಲು ಹೊಡೆದು ಸಮ ಮಾಡಿದ. ಓವರ್‌ಟೈಮ್‌ನಲ್ಲಿ ಕೋಡಿ ಜೇಮಿಸನ್ ಮುಗಿಸಿದ. 10-9.

ನನಗನ್ನಿಸುವುದು ಇಷ್ಟು. 2007ರಲ್ಲಿ ಕೋಚ್ ಗಾಬರಿಯಾಗಿ ಎಲ್ಲ ಕಿತ್ತು ಹೊಸದಾಗಿ ಕಟ್ಟಲು ಹೋಗಿದ್ದರೆ 2008 ಬರ್ತಾನೇ ಇರಲಿಲ್ಲ.

ಹಳೇ ಗೋಲಿ:

ಇಲ್ಲಿ ಎಲ್ಲರೂ ಕೋಚ್ ಕೋಚ್ ಅಂತಿದ್ದೀರಿ. ನಾನು ಕಾಲೇಜಿನಲ್ಲಿ ಕ್ಲಬ್ ತಂಡಕ್ಕೆ ಗೋಲು ಕಾದವನು. ದೊಡ್ಡ ಮಟ್ಟವೇನೂ ಅಲ್ಲ. ಆದರೆ ಆರಡಿ ಚೌಕದ ಮುಂದೆ ನಿಂತು ರಬ್ಬರ್ ಚೆಂಡನ್ನು ಮೈಮೇಲೆ ಹಾಕಿಕೊಂಡವನಿಗೆ ಒಂದು ವಿಷಯ ಗೊತ್ತಿರುತ್ತದೆ. ಕೋಚ್‌ನ ಮುಖ ನೋಡಿದರೆ ಸಾಕು, ಈ ಸಲ ಅವನ ಕೆಲಸಕ್ಕೆ ಕುತ್ತು ಬಂದಿದೆಯಾ ಇಲ್ವಾ ಅಂತ ತಿಳಿಯುತ್ತದೆ.

ನನಗಿದ್ದ ಒಬ್ಬ ಕೋಚ್, ಗೋಲು ತಿಂದ ಪ್ರತಿ ಸಲ ಕ್ಲಿಪ್‌ಬೋರ್ಡನ್ನು ತೊಡೆಗೆ ಬಡಿಯುತ್ತಿದ್ದ. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಆ ಸದ್ದು ಮಾತ್ರ ಮೈದಾನದ ಆ ತುದಿಯಿಂದ ನನಗೆ ಕೇಳುತ್ತಿತ್ತು. ಮುಂದಿನ ಶಾಟ್ ಬರುವಾಗ ನನ್ನ ಕಣ್ಣು ಹೊಡೆಯುವವನ ಕೋಲಿನ ಮೇಲೆ ಇರಬೇಕು. ಇರುತ್ತಿದ್ದದ್ದು ಆ ಕ್ಲಿಪ್‌ಬೋರ್ಡ್ ಮೇಲೆ.

ಅದಕ್ಕೇ ನನಗೆ 2010ರ ಫೈನಲ್ ಇಷ್ಟ. ಬಾಲ್ಟಿಮೋರ್‌ನಲ್ಲಿ ಡ್ಯೂಕ್, ನೋಟ್ರ ಡೇಮ್. 5-5, ಓವರ್‌ಟೈಮ್. ಡ್ಯೂಕ್‌ನ ಸಿ.ಜೆ. ಕೊಸ್ಟಬೈಲ್ ಫೇಸ್‌ಆಫ್ ಗೆದ್ದ, ನೇರ ಓಡಿದ, ಹೊಡೆದ. ಐದೇ ಸೆಕೆಂಡಿನಲ್ಲಿ ಮ್ಯಾಚ್ ಮುಗಿಯಿತು. ಸೋತದ್ದು ನೋಟ್ರ ಡೇಮ್. ಆದರೂ ಟೂರ್ನಮೆಂಟ್‌ನ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಅವರ ಗೋಲಿ ಸ್ಕಾಟ್ ರಾಜರ್ಸ್‌ನನ್ನು. ಇಡೀ ವರ್ಷದ ದುಡಿಮೆ ಐದು ಸೆಕೆಂಡಿನಲ್ಲಿ ಹೋಗುತ್ತದೆ. ಅದಕ್ಕೆ ಯಾವ ಕೋಚ್ ಯಾರನ್ನು ಬೈಯ್ಯೋಕಾಗುತ್ತೆ ಹೇಳಿ.

ಲೆಕ್ಕದ ಮಾಸ್ತರ:

ನೀವೆಲ್ಲ ಭಾವನೆಯಲ್ಲಿ ತೇಲ್ತಾ ಇದ್ದೀರಿ. ಸ್ವಲ್ಪ ಲೆಕ್ಕ ಹಾಕೋಣ.

ಟೂರ್ನಮೆಂಟ್ ಅಂದರೆ ನಾಕ್‌ಔಟ್. ಒಂದು ಮ್ಯಾಚ್, 60 ನಿಮಿಷ. ಸಾಲಾಗಿ ನಾಲ್ಕು ಗೆದ್ದರೆ ಕಪ್. ಪ್ರತಿ ಮ್ಯಾಚ್ ಗೆಲ್ಲುವ ಸಾಧ್ಯತೆ ನೂರಕ್ಕೆ ಎಪ್ಪತ್ತು ಇರುವ ಭಾರಿ ತಂಡ ಅಂತ ಇಟ್ಟುಕೊಳ್ಳಿ. ನಾಲ್ಕೂ ಗೆಲ್ಲುವ ಸಾಧ್ಯತೆ ನೂರಕ್ಕೆ 24. ಅಂದರೆ ದೇಶದ ಅತ್ಯುತ್ತಮ ತಂಡಕ್ಕೂ ನಾಲ್ಕು ವರ್ಷಕ್ಕೊಮ್ಮೆ ಕಪ್ ಬಂದರೆ ಅದೇ ದೊಡ್ಡದು. ಟಿಲ್‌ಮನ್ 2011ರಿಂದ ಎರಡು ಕಪ್, ಲೆಕ್ಕವಿಲ್ಲದಷ್ಟು ಸೆಮಿಫೈನಲ್. ಅಪ್ಪಂದಿರು ಕುರ್ಚಿ ಮಡಚಿ ಮನೆಗೆ ಹೋಗಲಿ.

ಇನ್ನು ಒತ್ತಡ ಅನ್ನೋದು ಕೋಚ್‌ನ ಮನಸ್ಸಿನ ಸಮಸ್ಯೆ ಅಲ್ಲ. ಕಾಲೇಜಿನ ಆಡಳಿತದ ಸಮಸ್ಯೆ. ಡೇವ್ ಕಾಟಲ್ ಅಂತ ಇದ್ದರು, ಟಿಲ್‌ಮನ್‌ಗಿಂತ ಮೊದಲು ಮೇರಿಲ್ಯಾಂಡ್ ಕೋಚ್. 2003, 2005, 2006ರಲ್ಲಿ ತಂಡವನ್ನು ಸೆಮಿಫೈನಲ್‌ಗೆ ಕರೆದುಕೊಂಡು ಹೋದರು. ಕಪ್ ಬರಲಿಲ್ಲ. 2010ರಲ್ಲಿ ಕ್ವಾರ್ಟರ್‌ಫೈನಲ್ ಸೋತ ಮೇಲೆ ಜಾಗ ಖಾಲಿ ಮಾಡಬೇಕಾಯಿತು. ಅವರನ್ನು ಸೋಲಿಸಿದ್ದು ಯಾರು? ನೋಟ್ರ ಡೇಮ್. ಆ ತಂಡದ ಕೋಚ್ ಕೆವಿನ್ ಕಾರಿಗನ್ ಆಗಲೇ ಇಪ್ಪತ್ತು ವರ್ಷ ದಾಟಿದ್ದರು, ಅವರಿಗೂ ಒಂದು ಕಪ್ ಇರಲಿಲ್ಲ! ಅವರನ್ನು ಯಾರೂ ಕಳಿಸಲಿಲ್ಲ. 2010, 2014 ಎರಡೂ ಫೈನಲ್ ಡ್ಯೂಕ್‌ಗೆ ಸೋತರು. 2022ರಲ್ಲಿ 8 ಗೆಲುವು, 4 ಸೋಲು ಇದ್ದರೂ ಟೂರ್ನಮೆಂಟ್‌ಗೆ ಕರೆಯಲೇ ಇಲ್ಲ. 2023ರಲ್ಲಿ ಗೆದ್ದರು, 2024ರಲ್ಲಿ ಮತ್ತೆ ಗೆದ್ದರು. 1989ರ ಸೀಸನ್‌ನಿಂದ ಶುರು ಮಾಡಿದ ಮನುಷ್ಯನಿಗೆ ಮೊದಲ ಕಪ್ 35ನೇ ಸೀಸನ್‌ನಲ್ಲಿ.

ಕಾರಿಗನ್ ಮೇರಿಲ್ಯಾಂಡ್‌ನಲ್ಲಿ ಇದ್ದಿದ್ದರೆ ಅಷ್ಟು ವರ್ಷ ಬಿಡ್ತಿದ್ದರಾ? ಖಂಡಿತ ಇಲ್ಲ.

ಮೇರಿಲ್ಯಾಂಡ್ ಮಂಜ:

ಲೆಕ್ಕ ಸರಿ ಮಾಸ್ತರೇ. ಆದರೆ ನೋಟ್ರ ಡೇಮ್‌ನಲ್ಲಿ ಊರ ಕಣ್ಣೆಲ್ಲ ಫುಟ್‌ಬಾಲ್ ಮೇಲೆ. ಲಕ್ರಾಸ್ ಕೋಚ್ ನೆಮ್ಮದಿಯಾಗಿ ಇರಬಹುದು. ಬಾಲ್ಟಿಮೋರ್‌ನ ಹಾಪ್‌ಕಿನ್ಸ್ ಕಥೆ ನೋಡಿ. ಆ ಕಾಲೇಜಿನ ಮಿಕ್ಕ ಆಟಗಳೆಲ್ಲ ಕೆಳಗಿನ ದರ್ಜೆಯಲ್ಲಿ, ಡಿವಿಷನ್ 3. ಮೇಲಿನ ದರ್ಜೆ, ಡಿವಿಷನ್ 1 ಅಂತ ಇರುವುದು ಲಕ್ರಾಸ್ ಮಾತ್ರ. ಹಳೇ ವಿದ್ಯಾರ್ಥಿಗಳ ಅಭಿಮಾನ, ಊರ ಮಾತು, ಟಿವಿ ಎಲ್ಲ ಒಂದೇ ತಂಡದ ಮೇಲೆ ಬಂದು ಬೀಳುತ್ತದೆ. ಡೇವ್ ಪಿಯೆಟ್ರಾಮಲ ಅಲ್ಲೇ ಆಡಿ 1987ರಲ್ಲಿ ಗೆದ್ದವರು. ಕೋಚ್ ಆಗಿ 2005, 2007ರಲ್ಲಿ ಗೆದ್ದರು. 2007ರಲ್ಲಂತೂ ಸೀಸನ್ ಮಧ್ಯೆ 4-4 ಆಗಿದ್ದ ತಂಡ, ಅಲ್ಲಿಂದ ಒಂದೂ ಸೋಲದೆ ಕಪ್ ಎತ್ತಿತು. ಆದರೂ 2020ರಲ್ಲಿ ಹೊರಗೆ.

ಬಾಸ್ಟನ್ ಅಮ್ಮ:

ಗಂಡಸರೇ, ಮಹಿಳೆಯರ ಆಟದ ಬಗ್ಗೆಯೂ ಒಂದಿಷ್ಟು ಮಾತಾಡಿ.

ಬಾಸ್ಟನ್ ಕಾಲೇಜಿನ ಹುಡುಗಿಯರು 2017ರಲ್ಲಿ ಮೇರಿಲ್ಯಾಂಡ್‌ಗೆ ಫೈನಲ್ ಸೋತರು. 2018ರಲ್ಲಿ ಜೇಮ್ಸ್ ಮ್ಯಾಡಿಸನ್‌ಗೆ ಒಂದೇ ಗೋಲಿನಲ್ಲಿ, 16-15. 2019ರಲ್ಲಿ ಮತ್ತೆ ಮೇರಿಲ್ಯಾಂಡ್‌ಗೆ, 12-10. ಸಾಲಾಗಿ ಮೂರು. 2020 ಕೋವಿಡ್‌ಗೆ ಹೋಯಿತು. 2021ರಲ್ಲಿ ಕೊನೆಗೂ ಸಿರಾಕ್ಯೂಸ್ ವಿರುದ್ಧ 16-10ರಲ್ಲಿ ಗೆದ್ದರು. ಕೋಚ್ ಅಕೇಶಿಯಾ ವಾಕರ್-ವೈನ್‌ಸ್ಟೀನ್. ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ನಾರ್ತ್ ಕೆರೊಲೈನಾಗೆ ಒಂದು ಗೋಲಿನಿಂದ ಸೋಲು. 2023ರಲ್ಲಿ ನಾರ್ತ್‌ವೆಸ್ಟರ್ನ್ ಕೈಲಿ 18-6. 2024ರಲ್ಲಿ ಅದೇ ನಾರ್ತ್‌ವೆಸ್ಟರ್ನ್ ವಿರುದ್ಧ 14-13, ಎರಡನೇ ಕಪ್. ಏಳು ಫೈನಲ್, ಎರಡು ಕಪ್. ಇದನ್ನು ಸೋಲು ಅಂತೀರಾ, ಗೆಲುವು ಅಂತೀರಾ?

ನನ್ನ ಮಗಳು ಹೈಸ್ಕೂಲಲ್ಲಿ ಆಡುತ್ತಾಳೆ. ಅವಳ ಗೆಳತಿಯರೆಲ್ಲ ಆ ತಂಡದ ಷಾರ್ಲಟ್ ನಾರ್ತ್ ಹೊಡೆಯುವ ಶೈಲಿಯನ್ನೇ ಕಲಿಯಲು ಹೊರಟವರು. ಒಬ್ಬಳ ಬಾಯಲ್ಲೂ ಆ ತಂಡ 'ಐದು ಫೈನಲ್ ಸೋತ ತಂಡ' ಅಂತ ನಾನು ಕೇಳಿಲ್ಲ. ಆ ಲೆಕ್ಕ ಇಟ್ಟುಕೊಳ್ಳೋರು ನಾವು, ದೊಡ್ಡವರು.

ಇನ್ನೊಂದು ಒತ್ತಡ ಇದೆ, ಅದನ್ನು ಯಾರೂ ಎತ್ತಲಿಲ್ಲ. ರಿಕ್ರೂಟಿಂಗ್, ಅಂದರೆ ಹೈಸ್ಕೂಲ್ ಮಕ್ಕಳನ್ನು ಕಾಲೇಜು ತಂಡಕ್ಕೆ ಆರಿಸಿಕೊಳ್ಳೋದು. ಮೊದಲೆಲ್ಲ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳೇ ಕಾಲೇಜಿಗೆ ಮಾತು ಕೊಟ್ಟುಬಿಡುತ್ತಿದ್ದರು. 2017ರಲ್ಲಿ ನಿಯಮ ಬದಲಾಯಿತು. ಈಗ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ಕ್ಕಿಂತ ಮೊದಲು ಕೋಚ್‌ಗಳು ಮಕ್ಕಳ ಜೊತೆ ಮಾತಾಡುವ ಹಾಗಿಲ್ಲ. ಒಳ್ಳೇದೇ ಆಯ್ತು. ಆದರೆ ನಮ್ಮ ಭಾರತೀಯ ಅಪ್ಪ ಅಮ್ಮಂದಿರು ಆ ದಿನಾಂಕವನ್ನು ಎಸ್‌ಎಸ್‌ಎಲ್‌ಸಿ ರಿಸಲ್ಟ್ ಥರ ಕಾಯ್ತಾರೆ. ಅವತ್ತು ಫೋನ್ ರಿಂಗ್ ಆಗದಿದ್ದರೆ ಮನೆಯಲ್ಲಿ ಸೂತಕ.

ಲೆಕ್ಕದ ಮಾಸ್ತರ:

ಅಮ್ಮಾ, ಸ್ಕಾಲರ್‌ಶಿಪ್ ಆಸೆಗೆ ಮಾಡ್ತಾರಾ ಹಾಗೆ? ಪುರುಷರ ತಂಡಕ್ಕೆ ತುಂಬಾ ವರ್ಷ ಇದ್ದದ್ದು 12.6 ಸ್ಕಾಲರ್‌ಶಿಪ್, ಮಹಿಳೆಯರಿಗೆ 12. ಅದನ್ನೇ ನಲವತ್ತು ಐವತ್ತು ಜನ ಹಂಚಿಕೊಳ್ಳಬೇಕಿತ್ತು. ಹೆಚ್ಚಿನವರಿಗೆ ಸಿಗುತ್ತಿದ್ದದ್ದು ಚೂರುಪಾರು. ಕ್ಲಬ್ ಫೀಸು, ಟೂರ್ನಮೆಂಟ್, ಹೋಟೆಲ್ ಎಲ್ಲ ಕೂಡಿಸಿದರೆ ಅಸಲೂ ಹುಟ್ಟಲ್ಲ.

ಬಾಸ್ಟನ್ ಅಮ್ಮ:

ಗೊತ್ತು ಮಾಸ್ತರೇ. ಸ್ಕಾಲರ್‌ಶಿಪ್‌ಗಲ್ಲ, ಅಡ್ಮಿಷನ್‌ಗೆ. ಈ ಆಟ ಆಡುವ ಕಾಲೇಜುಗಳ ಪಟ್ಟಿ ನೋಡಿ: ಪ್ರಿನ್ಸ್‌ಟನ್, ಕಾರ್ನೆಲ್, ಡ್ಯೂಕ್, ಹಾಪ್‌ಕಿನ್ಸ್. ನಮ್ಮವರಿಗೆ ಇನ್ನೇನು ಬೇಕು ಹೇಳಿ!

ಸಿರಾಕ್ಯೂಸ್ ಚಳಿ:

ಮಂಜ ಅವರ ಮೂಲ ಪ್ರಶ್ನೆಗೆ ವಾಪಸ್ ಬರುತ್ತೇನೆ. ಭಾರವನ್ನು ಹುಡುಗರಿಗೆ ಹಂಚಬೇಕಾ ಅಂತ ಕೇಳಿದಿರಿ. ನಮ್ಮ ಊರಲ್ಲಿ ಅದು ಕಣ್ಣೆದುರೇ ನಡೆಯಿತು.

ಡೆಸ್ಕೋ 2021ರಲ್ಲಿ ಬಿಟ್ಟ ಮೇಲೆ ಬಂದದ್ದು ಗ್ಯಾರಿ ಗೇಟ್. ಈ ಆಟದಲ್ಲಿ ಅವರಿಗಿಂತ ದೊಡ್ಡ ಹೆಸರು ಹುಡುಕುವುದು ಕಷ್ಟ. ಕೆನಡಾದ ವಿಕ್ಟೋರಿಯಾದಿಂದ ಅವಳಿ ಸಹೋದರ ಪಾಲ್ ಜೊತೆ ಬಂದವರು. 1988ರ ಸೆಮಿಫೈನಲ್‌ನಲ್ಲಿ ಗೋಲಿನ ಹಿಂದಿನಿಂದ ಹಾರಿ, ಮೇಲಿನ ಕಂಬಿ ದಾಟಿಸಿ ಚೆಂಡನ್ನು ಒಳಗೆ ತುರುಕಿದ ಆಸಾಮಿ. ಮಹಿಳೆಯರ ತಂಡಕ್ಕೆ ವರ್ಷಗಟ್ಟಲೆ ಕೋಚ್ ಆಗಿದ್ದರು. ಮೂರು ಫೈನಲ್ ಆಡಿಸಿದರು, ಮೂರೂ ಹೋದವು. ಬಾಸ್ಟನ್ ಅಮ್ಮ ಹೇಳಿದ 2021ರ ಫೈನಲ್‌ನಲ್ಲಿ ಎದುರು ಬದಿಯಲ್ಲಿ ನಿಂತಿದ್ದವರು ಇವರೇ. ಪುರುಷರ ತಂಡಕ್ಕೆ ಬಂದ ಮೊದಲ ವರ್ಷ, 2022ರಲ್ಲಿ, 4 ಗೆಲುವು, 10 ಸೋಲು.

ಈಗ ಕೇಳಿ. ಸಿರಾಕ್ಯೂಸ್‌ನಲ್ಲಿ 22ನೇ ನಂಬರ್ ಜೆರ್ಸಿ ಅಂದರೆ ಸುಮ್ನೆ ಅಲ್ಲ. ಅದರ ಕಥೆ ಶುರುವಾಗುವುದೇ ಗ್ಯಾರಿ ಗೇಟ್‌ರಿಂದ. ಆಮೇಲೆ ಪಾವೆಲ್ ಅಣ್ಣತಮ್ಮಂದಿರು ಮೂವರೂ ಹಾಕಿಕೊಂಡರು. 4-10 ಆದ ಮರುವರ್ಷ ಆ ಜೆರ್ಸಿ ಹೋಗಿದ್ದು ಹೈಸ್ಕೂಲ್ ಮುಗಿಸಿ ಆಗಷ್ಟೇ ಬಂದ ಜೋಯಿ ಸ್ಪಲೀನಾಗೆ. ತಂಡ ನೆಲಕಚ್ಚಿದೆ, ಊರೆಲ್ಲ ಕಾಯ್ತಿದೆ, ಹೊಸ ಹುಡುಗನ ಬೆನ್ನಿಗೆ 22. ಆಗ ನನಗೆ ಇದು ತೀರಾ ಅತಿ ಅನ್ನಿಸಿತ್ತು.

2023ರಲ್ಲಿ 8-7. 2024ರಲ್ಲಿ ಕ್ವಾರ್ಟರ್‌ಫೈನಲ್. 2025ರಲ್ಲಿ ಕಾನ್ಫರೆನ್ಸ್ ಕಪ್ (ನಮ್ಮ ಗುಂಪಿನ ಕಾಲೇಜುಗಳ ಕಪ್) ಬಂತು, ಕ್ವಾರ್ಟರ್‌ಫೈನಲ್‌ನಲ್ಲಿ ಪ್ರಿನ್ಸ್‌ಟನ್ ಮೇಲೆ 19-18, 2013ರ ನಂತರ ಮೊದಲ ಸಲ ಸೆಮಿಫೈನಲ್. ಅಲ್ಲಿ ಮಂಜ ಅವರ ತಂಡ ನಮ್ಮನ್ನು 14-8ರಲ್ಲಿ ಮನೆಗೆ ಕಳಿಸಿತು, ಆ ಮಾತು ಬೇಡ.

ಹಾಗಾಗಿ ನನ್ನ ಉತ್ತರ: ಹಂಚಬಹುದು. ಆದರೆ ಆ ಭಾರ ಹೊತ್ತು ಗೊತ್ತಿರುವ ಕೋಚ್ ಹಂಚಬೇಕು. ಗೇಟ್ ಆ ಜೆರ್ಸಿ ಹಾಕಿಕೊಂಡು ಆಡಿದವರು. ಅದನ್ನು ಹಾಕಿಕೊಂಡವನ ಮೇಲೆ ಎಷ್ಟು ಕಣ್ಣು ಇರುತ್ತವೆ ಅಂತ ಅವರಿಗೆ ಬೇರೆ ಯಾರೂ ಹೇಳಬೇಕಿಲ್ಲ.

ಹಳೇ ಗೋಲಿ:

ನಾನು ಒಪ್ಪಲ್ಲ. ಕೊನೆಗೆ ಎಲ್ಲ ಸರಿ ಹೋಯ್ತು ಅಂತ ಹಿಂದಿರುಗಿ ನೋಡಿ ಮಾಡಿದ್ದೆಲ್ಲ ಸರಿ ಅನ್ನಬಾರದು. ಆ ಥರ ನಂಬರ್ ಹಾಕಿಸಿಕೊಂಡು ಮಧ್ಯದಲ್ಲೇ ಮಾಯವಾದ ಹುಡುಗರು ಎಲ್ಲ ಕಾಲೇಜುಗಳಲ್ಲೂ ಇರುತ್ತಾರೆ. ಅವರ ಕಥೆ ಇಲ್ಲಿ ಯಾರೂ ಬರೆಯಲ್ಲ.

ನನಗೆ ಕಾರ್ನೆಲ್‌ನವರ ದಾರಿ ಇಷ್ಟ. 2004ರ ಮಾರ್ಚ್‌ನಲ್ಲಿ ಅವರ ನಾಯಕರಲ್ಲಿ ಒಬ್ಬನಾಗಿದ್ದ ಜಾರ್ಜ್ ಬೊಯಾರ್ಡಿ ಮ್ಯಾಚ್ ನಡೆಯುತ್ತಿರುವಾಗಲೇ ಎದುರಾಳಿಯ ಶಾಟ್‌ಗೆ ಅಡ್ಡ ನಿಂತ. ಚೆಂಡು ಎದೆಗೆ ಬಡಿದು ತೀರಿಕೊಂಡ. ಮೈಯೊಡ್ಡುವ ಅಂಥ ದುಡಿಮೆಗೇ ಅಲ್ಲಿ ಬೆಲೆ. ಆ ತಂಡದಲ್ಲಿ ಕಟ್ಟಡ ಕೆಲಸದವರ ಹೆಲ್ಮೆಟ್ ಒಂದು ಇದೆ, ಕೆಂಪು ಬಣ್ಣದ್ದು. ಅದನ್ನು ಹೊತ್ತುಕೊಂಡು ತಿರುಗುವ ಹೊಣೆ ಸ್ಟಾರ್ ಆಟಗಾರನಿಗಲ್ಲ. ಹೊಸದಾಗಿ ಬಂದವರಲ್ಲಿ ಮೈಮುರಿದು ದುಡಿಯುವ ಒಬ್ಬನಿಗೆ. ಎಷ್ಟು ಗೋಲು ಹೊಡೆದೆ ಅಂತ ಅಲ್ಲಿ ಯಾರೂ ಕೇಳಲ್ಲ.

1977ರ ನಂತರ ಕಪ್ ಇಲ್ಲದ ಕಾಲೇಜು. 2009ರಲ್ಲಿ ಸೆಕೆಂಡುಗಳ ಅಂತರದಲ್ಲಿ ಕಪ್ ಕೈತಪ್ಪಿದ್ದನ್ನು ಚಳಿ ಅವರೇ ಹೇಳಿದರು. 2022ರಲ್ಲಿ ಮೇರಿಲ್ಯಾಂಡ್‌ಗೆ ಫೈನಲ್ ಸೋತರು. 2025ರಲ್ಲಿ ಗೆದ್ದಾಗ ಕೋಚ್ ಯಾರು? ಕಾನರ್ ಬುಜೆಕ್, ಅಲ್ಲೇ ಆಡಿ ಬೆಳೆದವನು. ಇದೇ ನನ್ನ ಉತ್ತರ. ಕಪ್ ಬಗ್ಗೆ ಮಾತಾಡದೆ ದಿನದ ಕೆಲಸದ ಬಗ್ಗೆ ಮಾತಾಡುವ ಕೋಚ್ ಹುಡುಗರನ್ನು ಉಳಿಸುತ್ತಾನೆ.

ಲೆಕ್ಕದ ಮಾಸ್ತರ:

ಸಿ.ಜೆ. ಕರ್ಸ್ಟ್ ಇದ್ದ. ಆ ವರ್ಷದ ಅತ್ಯುತ್ತಮ ಆಟಗಾರನ ಟೆವಾರಟನ್ ಪ್ರಶಸ್ತಿ ಅವನಿಗೇ ಬಂತು. ಹೆಲ್ಮೆಟ್ ಗೋಲು ಹೊಡೆಯಲ್ಲ ಸ್ವಾಮಿ.

ಹಳೇ ಗೋಲಿ:

ಒಬ್ಬನೇ ಸ್ಟಾರ್ ಕಪ್ ತರೋ ಹಾಗಿದ್ದರೆ ನಿಮ್ಮ ಲೆಕ್ಕದ 24ಕ್ಕೆ ಏನರ್ಥ ಮಾಸ್ತರೇ?

ಮೇರಿಲ್ಯಾಂಡ್ ಮಂಜ:

ಇಬ್ಬರೂ ಸ್ವಲ್ಪ ನೀರು ಕುಡೀರಿ.

ಚಳಿ ಮತ್ತು ಗೋಲಿ ಇಬ್ಬರ ಮಾತೂ ಓದಿದ ಮೇಲೆ ನನಗೆ 2021ರ ಫೈನಲ್ ನೆನಪಾಯಿತು. ಮೇರಿಲ್ಯಾಂಡ್ ಅಲ್ಲಿಯವರೆಗೆ ಒಂದೂ ಸೋತಿರಲಿಲ್ಲ. ಎದುರಿಗೆ ವರ್ಜೀನಿಯಾ. ಸುಮಾರು ಹತ್ತು ಸೆಕೆಂಡ್ ಉಳಿದಿರುವಾಗ ನಮ್ಮವರು ಗೋಲು ಹೊಡೆದು ಅಂತರವನ್ನು 17-16ಕ್ಕೆ ತಂದರು. ಫೇಸ್‌ಆಫ್‌ಗೆ ನಮ್ಮ ಲೂಕ್ ವೀರ್ಮನ್. ಗೆದ್ದ. ಯಾರಿಗೂ ಪಾಸ್ ಕೊಡಲಿಲ್ಲ, ಗೋಲಿನ ಕಡೆ ನುಗ್ಗಿ ತಾನೇ ಹೊಡೆದ. ವರ್ಜೀನಿಯಾ ಗೋಲಿ ಅಲೆಕ್ಸ್ ರೋಡ್ ತಡೆದ. ಅಲ್ಲಿಗೆ ಮುಗಿಯಿತು. ಆ ವರ್ಷ 15 ಗೆಲುವು, ಆ ಒಂದೇ ಸೋಲು.

ಇದನ್ನು ನೋಡಿದ ಊರಿನವರು ಮರುದಿನ ಏನು ಹೇಳಿದರು ಅಂತ ನಾನು ಬರೆಯಲ್ಲ. ಆದರೆ ಮರುವರ್ಷ ಫೇಸ್‌ಆಫ್‌ಗೆ ಬಗ್ಗಿದ್ದು ಅದೇ ವೀರ್ಮನ್. ಆ ವರ್ಷವೇ 18-0. ಕೊನೆ ಗಳಿಗೆಯಲ್ಲಿ ಗೋಲು ಕೈತಪ್ಪಿದ ಹುಡುಗನಿಗೆ ಅದೇ ಜಾಗವನ್ನು ಮತ್ತೆ ಕೊಡುವುದಿದೆಯಲ್ಲ, ನನ್ನ ಪ್ರಕಾರ ಟಿಲ್‌ಮನ್ ಕೋಚಿಂಗ್‌ನ ಅತ್ಯುತ್ತಮ ಕೆಲಸ ಅದು. ಯಾವ ಸ್ಕೋರ್‌ಬೋರ್ಡಿನಲ್ಲೂ ಅದು ಕಾಣಲ್ಲ.

ಬಸವನಗುಡಿ ಬಾಯ್:

ಯೂಟ್ಯೂಬಲ್ಲಿ ಗೇಟ್ ಹಾರೋ ವಿಡಿಯೊ ನೋಡಿ ಬಂದೆ. ಇದೇನ್ ಗುರು ಇದು! ಒಂದು ಡೌಟು. ಈ ಆಟ ಶುರು ಮಾಡಿದವರು ಯಾರು, ಬ್ರಿಟಿಷರಾ?

ಸಿರಾಕ್ಯೂಸ್ ಚಳಿ:

ಅಲ್ಲ. ಇಲ್ಲಿನ ಮೂಲನಿವಾಸಿಗಳು. ನಮ್ಮ ಊರಿನ ದಕ್ಷಿಣಕ್ಕೇ ಒನೊಂಡಾಗ ಜನರ ನಾಡಿದೆ. ಹೋಡೆನೊಶೋನಿ ಒಕ್ಕೂಟದವರು. ಅವರಿಗೆ ಇದು ದೇವರು ಕೊಟ್ಟ ಆಟ, ಕಾಯಿಲೆ ಬಿದ್ದವರ ಒಳ್ಳೆಯದಕ್ಕೂ ಆಡುತ್ತಾರೆ. 1957ರಲ್ಲಿ ಒಂದೂ ಸೋಲದ ಸಿರಾಕ್ಯೂಸ್ ತಂಡದ ಗೋಲಿ ಓರೆನ್ ಲಯನ್ಸ್ ಅದೇ ಒನೊಂಡಾಗದವರು. 2009ರಲ್ಲಿ ಓವರ್‌ಟೈಮ್ ಗೋಲು ಹೊಡೆದ ಜೇಮಿಸನ್ ಕೂಡ ಆ ಒಕ್ಕೂಟದವನೇ, ಕೆನಡಾದ ಸಿಕ್ಸ್ ನೇಷನ್ಸ್‌ನಿಂದ ಬಂದವನು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಈ ಆಟ ಬರ್ತಿದೆ, ಒಂದೊಂದು ಕಡೆ ಆರು ಜನ ಆಡುವ ರೂಪದಲ್ಲಿ. ಆಗ ನೋಡಿ.

ಬಾಸ್ಟನ್ ಅಮ್ಮ:

ಗೋಲಿ ಅವರೇ, ನಿಮ್ಮ ಕ್ಲಿಪ್‌ಬೋರ್ಡ್ ಮಾತು ತಲೆಯಲ್ಲೇ ಕೂತಿದೆ. ನನ್ನ ಮಗಳ ತಂಡದ ಗೋಲಿ ಹುಡುಗಿ ಒಂದು ಗೋಲು ತಿಂದರೆ ಮುಂದಿನ ಮೂರನ್ನೂ ತಿಂತಾಳೆ. ಕೋಚ್ ಒಳ್ಳೆಯವರು, ಬೈಯಲ್ಲ. ಆದರೂ ಹಾಗೇ ಆಗುತ್ತೆ. ಏನು ಮಾಡಿಸಬಹುದು?

ಹಳೇ ಗೋಲಿ:

ಗೋಲು ಬಿದ್ದ ತಕ್ಷಣ ಮಾಡಲು ಅವಳ ಕೈಗೊಂದು ಕೆಲಸ ಕೊಡಿ. ಚೆಂಡನ್ನು ಬಲೆಯಿಂದ ತಾನೇ ತೆಗೆದು ರೆಫರಿಗೆ ಎಸೆಯಲಿ, ಕೋಲಿನಿಂದ ಎರಡೂ ಕಂಬ ಮುಟ್ಟಲಿ, ಡಿಫೆಂಡರ್ ಒಬ್ಬಳ ಹೆಸರು ಕೂಗಿ ಮಾತಾಡಲಿ. ಪ್ರತಿ ಸಲ ಅದೇ ಕ್ರಮ, ಪ್ರಾಕ್ಟೀಸಲ್ಲೂ. ವಾರ್ಮಪ್‌ನಲ್ಲಿ ಟೆನಿಸ್ ಬಾಲ್ ಉಪಯೋಗಿಸಿ, ಮೈಗೆ ಬಿದ್ದರೂ ನೋವಾಗಲ್ಲ, ಹೆದರಿ ಕಣ್ಣು ಮುಚ್ಚೋದು ಕಡಿಮೆಯಾಗುತ್ತೆ. ಮೊದಲ ಐದಾರು ಶಾಟ್ ನಿಧಾನಕ್ಕೆ, ಅವಳಿಗೆ ಸಿಗುವ ಹಾಗೇ ಹೊಡೆಯಿರಿ. ಮತ್ತೆ ಕೋಚ್‌ಗೆ ಹೇಳಿ, ಗೋಲು ಬಿದ್ದಾಗ ಅವಳ ಕಡೆ ನೋಡಿ 'ಪರವಾಗಿಲ್ಲ' ಅಂತಲೂ ಕೂಗೋದು ಬೇಡ. ಅದೂ ಕೇಳಿಸುತ್ತೆ.

ಬಾಸ್ಟನ್ ಅಮ್ಮ:

ಟೆನಿಸ್ ಬಾಲ್ ಮನೇಲಿ ಬೇಕಾದಷ್ಟಿದೆ. ಗುರುವಾರ ಪ್ರಾಕ್ಟೀಸ್‌ಗೆ ತಗೊಂಡು ಹೋಗ್ತೀನಿ. ಹೇಗಾಯ್ತು ಅಂತ ಇಲ್ಲೇ ಬರೀತೀನಿ.